ನಫೀಸಾ ಮೇಡಂ ಸರದಿ

ನಮ್ಮೂರಿನ ಹೊಳೆಯನ್ನು ದಿನಾ ಬೆಳಿಗ್ಗೆ ಯಾರಾದರೂ ಹೋಗಿ ಕರೆದುಕೊಂಡು ಬರಬೇಕು. ಊರಿನಿಂದ ಎರಡು ಮೈಲಿ ಮೇಲೆ ಬಂಡೆಗಳ ನಡುವೆ ಒಂದು ಮಡುವಿದೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ಹೊಳೆ ತಾನಾಗಿಯೇ ಹಿಂದಕ್ಕೆ ಸರಿದು ಆ ಮಡುವಿಗೆ ಸೇರಿಕೊಳ್ಳುತ್ತದೆ. ಬೆಳಕು ಹರಿಯುವಾಗ ಸರದಿಯ ಮನೆಯವರು ಅಲ್ಲಿಗೆ ಹೋಗಿ, ಪಾದ ಮುಳುಗುವಷ್ಟು ನೀರಿನಲ್ಲಿ ನಿಂತು, “ಬಾರವ್ವ, ಬೆಳಗಾಯ್ತು” ಎಂದು ಕರೆದು, ಒಣ ಮರಳಿನ ಮೇಲೆ ಊರಿನ ಕಡೆ ನಡೆಯುತ್ತಾರೆ. ಹೊಳೆ ಹಿಂದೆಯೇ ಬರುತ್ತದೆ. ಓಡಬಾರದು, ತಿರುಗಿ ನೋಡಬಾರದು. ಓಡಿದರೆ ನೀರು ಕದಡುತ್ತದೆ. ನಾವು ಅಂಗಳ ಗುಡಿಸಿ ಮುಗಿಸುವುದರೊಳಗೆ ಮೆಟ್ಟಿಲ ಹತ್ತಿರ ನೀರಿನ ಸದ್ದು ಕೇಳುತ್ತದೆ, ಆಮೇಲೆ ಕೊಡಗಳ ಸದ್ದು.

ಸರದಿಗೆ ಒಂದು ಹಿತ್ತಾಳೆ ಕಡಗವಿದೆ. ಊರಿನಲ್ಲಿ ತೊಂಬತ್ತಾರು ಮನೆ. ಕಡಗ ಯಾರ ಬಾಗಿಲಿನ ಮೊಳೆಗೆ ಬಂದು ತೂಗುತ್ತದೋ ಮರುದಿನ ಅವರು ಹೋಗಬೇಕು. ಕಡಗ ತೊಟ್ಟವರನ್ನು ಬಿಟ್ಟು ಬೇರೆ ಯಾರು ಕರೆದರೂ ಹೊಳೆ ಕದಲುವುದಿಲ್ಲ. ಇನ್ನೊಂದು ಮಾತು. ನಡೆಯುವವರ ಮನಸ್ಸು ನೀರಿಗೆ ಇಳಿಯುತ್ತದೆ. ಜಗಳವಾಡಿಕೊಂಡು ಹೋದವರ, ಮನಸ್ಸು ಭಾರ ಮಾಡಿಕೊಂಡು ಹೋದವರ ಹಿಂದೆ ಬಂದ ನೀರಿನಲ್ಲಿ ಬೇಳೆ ಬೇಯುವುದಿಲ್ಲ. ಕುಕ್ಕರ್ ಆರು ಸಲ ಕೂಗಿದರೂ ಕಾಳು ಕಾಳಾಗಿಯೇ ಇರುತ್ತದೆ. ಹೀಗಾಗಿ ನಮ್ಮಲ್ಲಿ ಸಂಸಾರದ ಗುಟ್ಟು ಅಂತ ಏನೂ ಉಳಿಯುವುದಿಲ್ಲ. ಮಧ್ಯಾಹ್ನ ಊಟಕ್ಕೆ ಕೂತಾಗ ಊರಿಗೆಲ್ಲ ಗೊತ್ತಾಗಿರುತ್ತದೆ.

ಹೊಳೆಯ ಆಚೆ ದಂಡೆಯಲ್ಲಿ ಅಣುಸ್ಥಾವರ ಇದೆ. ಇದೆ ಅನ್ನುವುದಕ್ಕಿಂತ, ಅರ್ಧ ಇದೆ. ಬೋರಲು ಹಾಕಿದ ಹಂಡೆಯಂಥ ಒಂದು ಗುಮ್ಮಟ, ಅದರ ಪಕ್ಕದಲ್ಲಿ ಸೊಂಟದವರೆಗೆ ಎದ್ದ ಇನ್ನೊಂದು. ಹದಿನೆಂಟು ವರ್ಷದ ಹಿಂದೆ ಕೆಲಸ ನಿಂತಿತು. ಯಾಕೆ ನಿಂತಿತು ಅಂತ ಯಾರೂ ಸರಿಯಾಗಿ ಹೇಳಲಿಲ್ಲ. ಅಂದಿನಿಂದ ನಮ್ಮ ಮನೆಯವರು ಅಲ್ಲಿ ಕಾವಲುಗಾರರು. ಅವರ ಹೆಸರು ಸಣ್ಣೀರಪ್ಪ. ನನ್ನ ತವರೂ ಇದೇ ಊರಾದರೂ, ನನ್ನನ್ನು ನೋಡಲು ಬಂದಾಗ ಶಾಸ್ತ್ರಕ್ಕೆ ಏನು ಕೆಲಸ ಅಂತ ನಮ್ಮಪ್ಪ ಕೇಳಿದ್ದಕ್ಕೆ, “ಕಟ್ಟದೇ ಇರೋದನ್ನ ಕಾಯ್ತೀನಿ” ಅಂದಿದ್ದರು. ಆ ಉತ್ತರ ಕೇಳಿಯೇ ನಾನು ಒಪ್ಪಿದ್ದು. ಸ್ಥಾವರದ ಕಾಂಕ್ರೀಟ್ ನೆಲ ಹಪ್ಪಳ ಒಣಗಿಸಲು ಬಹಳ ಚೆನ್ನಾಗಿದೆ. ಗುಮ್ಮಟದೊಳಗೆ ಮಾತಾಡಿದರೆ ದನಿ ದೊಡ್ಡದಾಗುತ್ತದೆ ಅಂತ ನನ್ನ ಮಗಳು ಹೊನ್ನಿ ಅಲ್ಲಿ ಹೋಗಿ ಮಗ್ಗಿ ಹೇಳುತ್ತಾಳೆ.

ಈ ವರ್ಷ ಬೇಸಿಗೆಯ ಮೊದಲಲ್ಲಿ, ಸ್ಥಾವರದ ಕೆಲಸ ಮತ್ತೆ ಶುರುವಾಗುತ್ತದೆ ಎಂಬ ಸುದ್ದಿ ಬಂತು. ಅದಕ್ಕೆ ಮುಂಚೆ ಪರಿಸರದ ಪರಿಶೀಲನೆ ಹೊಸದಾಗಿ ಆಗಬೇಕಂತೆ, ಹೊಳೆ, ಗಾಳಿ, ಮೀನು, ಹಕ್ಕಿ ಎಲ್ಲವನ್ನೂ ನೋಡಿ ಬರೆಯುವುದಕ್ಕೆ ಒಬ್ಬರು ಬರುತ್ತಾರಂತೆ. ಕೆಲಸ ಶುರುವಾದರೆ ಕಾವಲಿನವರನ್ನು ಮೊದಲು ಒಳಗೆ ತೆಗೆದುಕೊಳ್ಳುತ್ತೇವೆ ಎಂದು ಸ್ಥಾವರದವರು ನಮ್ಮ ಮನೆಯವರಿಗೆ ಹೇಳಿದ್ದರು. ಅವರಿಗೆ ಅಲ್ಲೇ ಬಿಟ್ಟುಹೋದ ದೊಡ್ಡ ಕ್ರೇನ್ ಹತ್ತುವ ಆಸೆ. ಹದಿನೆಂಟು ವರ್ಷ ಕೆಳಗೆ ನಿಂತು ಅದನ್ನು ನೋಡಿದ್ದಾರೆ. ಕೆಲಸ ಶುರುವಾಗದಿದ್ದರೆ ಗೇಟಿಗೆ ಬೀಗ, ಕಾವಲೂ ಬೇಡ. ಹಿಟ್ಟಿನ ಗಿರಣಿಯ ಹಾಲಪ್ಪಣ್ಣ ಊರಿನಲ್ಲಿ ಎಲ್ಲಕ್ಕೂ ಮುಂದೆ ನಿಲ್ಲುವವರು. ಅವರು ಆಗಲೇ ಗಿರಣಿಗೆ ಎರಡನೇ ಬೀಸುವ ಕಲ್ಲು ಹಾಕಿಸಲು ಜಾಗ ಅಳೆಯುತ್ತಿದ್ದರು.

ಬಂದವರು ನಫೀಸಾ ಮೇಡಂ. ಐವತ್ತರ ಹತ್ತಿರದ ಹೆಂಗಸು, ಹತ್ತಿ ಸೀರೆ, ಕಾಲಿಗೆ ಗಂಡಸರ ಥರದ ಚಪ್ಪಲಿ. ಜೀಪಿನ ತುಂಬ ಬಾಟಲಿ, ಬಲೆ, ಗೆರೆ ಹಾಕಿದ ಉದ್ದದ ಕೋಲು. ಪ್ರವಾಸಿ ಮಂದಿರದ ಸೂರು ಬಿದ್ದು ಬಹಳ ಕಾಲವಾಗಿದ್ದರಿಂದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಇಳಿದರು. ನನ್ನ ಅತ್ತೆ ಅವರಿಗೆ ಹೊಸ ಚಾಪೆ ತೆಗೆದು ಕೊಟ್ಟರು. ಮೇಡಂ ಮಾಡಿದ ಮೊದಲ ಕೆಲಸ ಮೆಟ್ಟಿಲ ಪಕ್ಕದಲ್ಲಿ ಕೋಲು ನೆಟ್ಟಿದ್ದು. ಎರಡನೆಯ ಕೆಲಸ, ಅಳುತ್ತಿದ್ದ ನನ್ನ ಮಗುವನ್ನು ಎತ್ತಿಕೊಂಡದ್ದು. “ನೀವು ರೊಟ್ಟಿ ತಟ್ಟಿ ದೇವೀರಮ್ಮ, ಇವನು ನನ್ನ ಜೊತೆ ಕೊಕ್ಕರೆ ಎಣಿಸ್ತಾನೆ” ಅಂದರು. ನಿಜವಾಗಿಯೂ ಎಣಿಸಿದರು. ಎಣಿಸಿದ್ದನ್ನು ಬರೆದುಕೊಂಡರು. ಅದರ ಮುಂದೆ ‘ಮಗು ಅತ್ತಾಗ ಐದು ಹಾರಿಹೋದವು’ ಎಂದು ಬರೆದರು. ಇದ್ದದ್ದನ್ನು ಇದ್ದ ಹಾಗೆ ಬರೆಯುವ ಅಂಥ ಕೈಯನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

ಅವರ ಹತ್ತಿರ ಹಳೆಯ ವರದಿಯೊಂದಿತ್ತು. ಇಪ್ಪತ್ತಮೂರು ವರ್ಷದ ಹಿಂದೆ, ಸ್ಥಾವರ ಕಟ್ಟುವ ಮುಂಚೆ, ಒಬ್ಬ ರಾಯರು ಬಂದು ಮೂರು ತಿಂಗಳಿದ್ದು ಬರೆದದ್ದು. ಹಗಲು ರಾತ್ರಿ ಮೂರು ಗಂಟೆಗೊಮ್ಮೆ ನೀರು ಅಳೆದ ಲೆಕ್ಕ ಅದರಲ್ಲಿತ್ತು. ಕೊನೆಯಲ್ಲಿ ಒಂದು ಸಾಲು: ‘ಇದು ದಿನದ ಎಲ್ಲ ಹೊತ್ತೂ, ವರ್ಷದ ಎಲ್ಲ ಕಾಲವೂ ಹರಿಯುವ ನದಿ.’ ಆ ಸಾಲು ನಮ್ಮ ಶಾಲೆಯ ಗೋಡೆಯ ಮೇಲೂ ಇದೆ. ರಾಯರು ಊರು ಬಿಟ್ಟ ವರ್ಷವೇ ನೀಲಿ ಬಣ್ಣದಲ್ಲಿ ಬರೆಸಿದ್ದು. ಹೊನ್ನಿಗೆ ಅಕ್ಷರ ಕೂಡಿಸಿ ಓದಲು ಕಲಿಸಿದ್ದೇ ಆ ಗೋಡೆ.

ಆದರೆ ಆ ಸಾಲು ಹೇಗೆ ಹುಟ್ಟಿತು ಅಂತ ಊರಿಗೆ ಗೊತ್ತು. ಮನೆಗೆ ಬಂದವರಿಗೆ ಒಣ ಹೊಳೆ ತೋರಿಸುವುದು ನಮ್ಮಲ್ಲಿ ಆಗದ ಮಾತು. ರಾಯರು ರಾತ್ರಿಯೂ ಅಳೆಯುತ್ತಾರೆ ಅಂತ ತಿಳಿದಾಗ ಯಾರೂ ಸಭೆ ಸೇರಲಿಲ್ಲ, ಮೋಸದ ಯೋಚನೆಯೂ ಇರಲಿಲ್ಲ. ಸಂಜೆ ಹೊಳೆ ಹೊರಟ ಕೂಡಲೇ ಮುಂದಿನ ಮನೆಯವರು ಕಡಗ ತೊಟ್ಟು ಹೋಗಿ ಮತ್ತೆ ಕರೆತಂದರು, ಅಷ್ಟೆ. ದಿನಕ್ಕೆ ಎರಡು ಸರದಿಯಾಯಿತು. ಹೊಳೆ ಹೋಗಿ ಬರುವ ಆ ಒಂದೂವರೆ ಗಂಟೆಯಲ್ಲಿ ಯಾರದಾದರೂ ಮನೆಯಲ್ಲಿ ರಾಯರಿಗೆ ಚಕ್ಕುಲಿ, ಕೋಡುಬಳೆ. ಬೆಳಗಿನ ಜಾವ ಹೊಳೆ ಮತ್ತೆ ಹಿಂದೆ ಸರಿಯುತ್ತಿತ್ತು, ಆದರೆ ಮೂರರ ಅಳತೆ ಮುಗಿಸಿ ಮಲಗಿದ ಅವರು ಏಳುತ್ತಿದ್ದದ್ದೇ ಎಂಟಕ್ಕೆ, ಆರರದನ್ನು ಎದ್ದ ಮೇಲೆ ಅಳೆಯುತ್ತಿದ್ದರು. ಮೂರು ತಿಂಗಳಲ್ಲಿ ಅವರ ಕೋಟಿನ ಗುಂಡಿ ಹಾಕಲು ಬಾರದ ಹಾಗಾಯಿತು.

ನಫೀಸಾ ಮೇಡಂ ಬಂದ ಸಂಜೆಯೂ ಅದೇ ಆಯಿತು. ಯಾರೂ ಹೇಳಲಿಲ್ಲ, ಯಾರೂ ಕೇಳಲಿಲ್ಲ. ಕಡಗ ಸಂಜೆಯೂ ಹೊರಟಿತು. ಮೇಲಿನ ಬೀದಿಯ ರತ್ನಿ ಮೇಡಮ್ಮನ್ನು ತಿಂಡಿಗೆ ಕರೆದಳು. ಮಾರನೆಯ ದಿನ ಹಾಲಪ್ಪಣ್ಣನ ಹೆಂಡತಿ. ಮೇಡಂ ಹೋದರು, ತಿಂದರು, ಚೆನ್ನಾಗಿದೆ ಅಂದರು. ನಾನು ಅಡುಗೆಮನೆಯಲ್ಲಿ ನಿಂತು ಇದನ್ನೆಲ್ಲ ನೋಡುತ್ತ ರೊಟ್ಟಿ ತಟ್ಟುತ್ತಿದ್ದೆ.

ಮಗು ಎದ್ದಿತು, ಬರೆಯುವುದನ್ನು ಇಲ್ಲಿಗೆ ಬಿಟ್ಟಿದ್ದೆ. ಈಗ ಅದಕ್ಕೆ ಗಂಜಿ ಕುಡಿಸಿ ಬಂದೆ.

ರಾಯರಿಗೂ ಮೇಡಮ್ಮಿಗೂ ಒಂದು ವ್ಯತ್ಯಾಸವಿತ್ತು. ಮೇಡಂ ಬೆಳಗಿನ ನಮಾಜಿಗೆ ಏಳುತ್ತಿದ್ದರು. ಮೂರನೆಯ ದಿನ ನಾನು ಬಾಗಿಲಿಗೆ ನೀರು ಹಾಕುವಾಗ ಅವರು ಮೆಟ್ಟಿಲ ಕಡೆಯಿಂದ ಬಂದು ಮೆಲ್ಲಗೆ ಕೇಳಿದರು.

“ದೇವೀರಮ್ಮ, ಹೊಳೇಲಿ ನೀರಿರಲಿಲ್ಲ. ಆಮೇಲೆ ಒಬ್ಬ ಹೆಂಗಸು ನಡ್ಕೊಂಡು ಬಂದ್ರು. ಹೊಳೆ ಅವರ ಹಿಂದೆ ಬಂತು.”

“ಹ್ಞೂ ಮೇಡಂ. ಇವತ್ತು ರತ್ನಿ ಸರದಿ.”

ಅವರು ನಗಲಿಲ್ಲ, ಕಣ್ಣುಜ್ಜಿಕೊಳ್ಳಲಿಲ್ಲ. “ಸರದಿ ಅಂದ್ರೆ ಹೇಗೆ, ಮೊದಲಿಂದ ಹೇಳಿ” ಅಂದು ಪುಸ್ತಕ ತೆಗೆದರು. ನಾನು ಕಡಗದ ವಿಷಯ ಹೇಳಿದೆ, ತೊಂಬತ್ತಾರು ಮನೆ ಹೇಳಿದೆ. ಸಂಜೆಯದನ್ನು ಹೇಳಲಿಲ್ಲ.

ಅವರು ನೀರಿನ ಗಡಸುತನ ನೋಡುತ್ತಿದ್ದ ರೀತಿ ಹೊನ್ನಿಗೆ ಬಹಳ ಇಷ್ಟ. ಸಣ್ಣ ಗಾಜಿನ ಲೋಟದಲ್ಲಿ ನೀರು ಕೆಂಪಗಿರುತ್ತದೆ, ಅದಕ್ಕೆ ತೊಟ್ಟು ತೊಟ್ಟಾಗಿ ಒಂದು ಔಷಧಿ ಬಿಡುತ್ತಾರೆ, ಇದ್ದಕ್ಕಿದ್ದ ಹಾಗೆ ನೀಲಿಯಾಗುತ್ತದೆ. ಎಷ್ಟು ತೊಟ್ಟು ಬೇಕಾಯಿತೋ ಅಷ್ಟು ಗಡಸು. ಆ ಮಧ್ಯಾಹ್ನ ಮೇಡಂ ಲೆಕ್ಕದ ಹಾಳೆ ತಂದು ನನ್ನ ಮುಂದೆ ಕೂತರು. ನಾನು ಅಕ್ಕಿಯ ಕಲ್ಲು ಆರಿಸುತ್ತಿದ್ದೆ.

“ಗುರುವಾರ ಒಂಬತ್ತು ತೊಟ್ಟು. ಶುಕ್ರವಾರ ಹನ್ನೊಂದು. ಇವತ್ತು ಮೂವತ್ತೆರಡು. ಮಳೆಯಿಲ್ಲ, ಮಣ್ಣು ಅದೇ. ಇವತ್ತೇನಾಯ್ತು?”

“ರತ್ನಿ ನಿನ್ನೆ ಗಂಡನ ಜೊತೆ ಮಾತು ಬಿಟ್ಟಿದ್ಲು ಮೇಡಂ. ಅವನು ಅವಳನ್ನ ಕೇಳ್ದೆ ಎಮ್ಮೆ ಮಾರ್ಬಿಟ್ಟ. ಅದಕ್ಕೇ ಇವತ್ತು ಬೇಳೆ ಬೇಯ್ಲಿಲ್ಲ.”

ಮೇಡಂ ಬರೆದುಕೊಂಡರು. ‘ಕಾರಣ: ಎಮ್ಮೆ.’ ಆಮೇಲೆ ಬೆರಳನ್ನು ಇನ್ನೊಂದು ಸಾಲಿನ ಮೇಲಿಟ್ಟರು.

“ನಿನ್ನೆ ಸಂಜೆ ಐದಕ್ಕೆ ಹನ್ನೊಂದು ತೊಟ್ಟು. ರಾತ್ರಿ ಎಂಟಕ್ಕೆ ಆರು. ಮೊನ್ನೆಯೂ ಹೀಗೇ ಬದಲಾಗಿದೆ. ನಡುವೆ ನಾನು ತಿಂಡಿಗೆ ಹೋಗಿದ್ದೆ. ತಿಂಡಿ ತಿನ್ನೋದರೊಳಗೆ ಹೊಳೆ ಹೇಗೆ ಬೇರೆ ಆಯ್ತು, ದೇವೀರಮ್ಮ?”

ನಾನು ಅಕ್ಕಿ ನೋಡುತ್ತ ಕೂತೆ. ಹಿಂದಿನ ಸಂಜೆ ಕರೆದು ತಂದವಳು ಒಂದು ಮನೆಗೆ ಆಗಷ್ಟೆ ಮದುವೆಯಾಗಿ ಬಂದ ಹೊಸ ಸೊಸೆ, ನೀರು ಸಕ್ಕರೆಯ ಹಾಗಿತ್ತು. ಹೇಳಿದರೆ ಏನಾಗುತ್ತದೆ ಅಂತ ನನಗೆ ಗೊತ್ತಿತ್ತು. ನಮ್ಮ ಮನೆಯವರು ಹಿಂದಿನ ವಾರವಷ್ಟೆ ಹೊಸ ಅಂಗಿ ಹೊಲಿಸಿದ್ದರು, ಕೆಲಸ ಶುರುವಾದ ದಿನ ಹಾಕಲು. ಹೇಳದಿದ್ದರೆ ಏನಾಗುತ್ತದೆ ಅಂತ ನಾನು ಮೇಡಮ್ಮನ್ನೇ ಕೇಳಿದೆ. ಸ್ಥಾವರಕ್ಕೆ ನೀರು ಯಾತಕ್ಕೆ, ರಾತ್ರಿ ಇರದಿದ್ದರೆ ಏನು ತೊಂದರೆ ಅಂತ.

“ಒಲೆ ಆರಿಸಿದ ಮೇಲೂ ಹಂಡೆ ಕಾದೇ ಇರುತ್ತಲ್ಲ” ಎಂದರು. “ಇದೂ ಹಾಗೇ. ನಿಲ್ಸಿದ ಮೇಲೂ ಒಳಗೆ ಕಾವು ಹುಟ್ತಾನೇ ಇರುತ್ತೆ. ತಣ್ಣಗೆ ಮಾಡ್ತಾನೇ ಇರ್ಬೇಕು. ಹಗಲು, ರಾತ್ರಿ, ಹಬ್ಬ, ಸಾವು, ಏನಿದ್ರೂ. ಒಂದು ಹೊತ್ತು ನೀರು ತಪ್ಪೋ ಹಾಗಿಲ್ಲ.”

ಆಗ ಸಂಜೆಯ ಸರದಿಯನ್ನೂ, ನಾನು ಯಾರಿಗೂ ಹೇಳದೆ ಇದ್ದ ಇನ್ನೊಂದನ್ನೂ ಅವರಿಗೆ ಹೇಳಿದೆ. ರಾಯರು ಬಂದಾಗ ನನಗೆ ಹನ್ನೆರಡು ವರ್ಷ. ನನ್ನ ತಮ್ಮ ಅಮ್ಮನ ಹೊಟ್ಟೆಯಲ್ಲಿದ್ದ, ಅಪ್ಪನಿಗೆ ಕಾಲುನೋವು, ನಮ್ಮ ಮನೆಯ ಸಂಜೆ ಸರದಿ ನನ್ನದು. ಮೂರು ತಿಂಗಳ ಕೊನೆಯಲ್ಲಿ ಒಂದು ಸಂಜೆ ಕರೆದುಕೊಂಡು ಬರುತ್ತಿದ್ದೆ. ಅರ್ಧ ದಾರಿಯಲ್ಲಿ ಹಿಂದೆ ನೀರಿನ ಸದ್ದು ನಿಂತಿತು. ನೋಡಬಾರದು ಅಂತ ಗೊತ್ತಿದ್ದೂ ತಿರುಗಿ ನೋಡಿದೆ. ಹೊಳೆ ಮರಳಿನ ಮೇಲೆ ಕೂತುಬಿಟ್ಟಿತ್ತು. ಬಹಳ ನಡೆದು ಸುಸ್ತಾದ ಮಗು ರಸ್ತೆಯಲ್ಲಿ ಕೂರುತ್ತದಲ್ಲ, ಹಾಗೆ. ಕರೆಯಲು ನನಗೆ ಮನಸ್ಸು ಬರಲಿಲ್ಲ. ನಾನೂ ಪಕ್ಕದಲ್ಲಿ ಕೂತೆ. ಅದು ತಾನಾಗಿ ಎದ್ದ ಮೇಲೆ ಎದ್ದೆ. ಆ ರಾತ್ರಿ ಒಂಬತ್ತರ ಅಳತೆಗೆ ಊರಿನಲ್ಲಿ ನೀರಿರಲಿಲ್ಲ. ಅದಾದ ಮೇಲೆ ಎರಡು ವರ್ಷ ಹೊಳೆ ಪಾದ ಮುಳುಗುವಷ್ಟೇ ಬಂತು.

“ಯಾವ ದಿನ, ನೆನಪಿದೆಯಾ?”

“ನಾಗರಪಂಚಮಿಯ ಮಾರನೇ ದಿನ.”

ಮೇಡಂ ಹಳೆಯ ವರದಿ ತಿರುವಿದರು. ಆ ದಿನ ರಾತ್ರಿ ಒಂಬತ್ತು ಗಂಟೆಯ ಮುಂದೆ ‘ಎರಡು ಅಡಿ ನಾಲ್ಕು ಅಂಗುಲ’ ಎಂದಿತ್ತು. ರಾಯರಿಗೆ ಅಂದು ನೆಗಡಿಯಾಗಿ ಹೊರಗೆ ಬಂದೇ ಇರಲಿಲ್ಲ ಅನ್ನುವುದು ನನಗೆ ಆಮೇಲೆ ನೆನಪಾಯಿತು. ಮೇಡಂ ಅದರ ಸುತ್ತ ಪೆನ್ಸಿಲಿನಲ್ಲಿ ಒಂದು ಸಣ್ಣ ಸುತ್ತು ಹಾಕಿ, ವರದಿ ಮುಚ್ಚಿ, ನನ್ನ ಮೊರದಿಂದ ಅಕ್ಕಿ ತೆಗೆದುಕೊಂಡು ಕಲ್ಲು ಆರಿಸತೊಡಗಿದರು.

ನಮ್ಮ ಮನೆಯವರಿಗೆ ನಾನೇ ಹೇಳಿದೆ. ಅವರು ಗೇಟಿನ ಹತ್ತಿರ ಊಟದ ಡಬ್ಬಿ ಬಿಚ್ಚುತ್ತಿದ್ದರು. ಕೇಳಿ, ಗುಮ್ಮಟದ ಕಡೆ ನೋಡಿ, “ನೀನು ಹನ್ನೆರಡು ವರ್ಷದೋಳು ರಾತ್ರಿ ಹೊತ್ತು ಒಬ್ಳೇ ಅಲ್ಲಿ ಕೂತಿದ್ಯಾ?” ಅಂದರು. ಡಬ್ಬಿಯಲ್ಲಿ ಅರ್ಧ ಉಳಿಸಿದರು.

ಭಾನುವಾರ ಸಂಜೆ ಮೇಡಂ ಶಾಲೆಯ ಜಗಲಿಗೆ ಊರವರನ್ನು ಬರಹೇಳಿದರು. ನೀಲಿ ಅಕ್ಷರದ ಗೋಡೆಯ ಕೆಳಗೇ ನಿಂತು, ನಾಳೆ ಬೆಳಗಿನಿಂದ ನಾಡಿದ್ದು ಬೆಳಗಿನವರೆಗೆ ಯಾರೂ ಹೊಳೆ ಕರೆಯಬೇಡಿ ಎಂದು ಕೇಳಿಕೊಂಡರು. ಯಾರೂ ಕರೆಯದ ಹೊಳೆ ಎಷ್ಟಿರುತ್ತದೆ ಅಂತ ಅಳೆಯಬೇಕು, ಸ್ಥಾವರಕ್ಕೆ ಸರದಿ ಗೊತ್ತಿಲ್ಲ ಅಂದರು.

ಹಾಲಪ್ಪಣ್ಣ ಎದ್ದು ನಿಂತರು. “ಏನ್ ಮೇಡಮ್ಮ, ನಮ್ಮ ಮನೆಗಳಲ್ಲಿ ಉಂಡಿದ್ದೀರಿ. ನಿಮ್ಮನ್ನ ಒಣ ಮರಳಿನ ಮುಂದೆ ಕೂರ್ಸಿ ನಾವು ಮನೇಲಿ ಕೂರೋದಾ? ಯಾರ್ಗಾದ್ರೂ ಹೇಳ್ಕೊಳ್ಳೋ ಮಾತಾ ಇದು?”

“ಚಕ್ಕುಲಿ ಬೇಕಾದ್ರೆ ಅಲ್ಲಿಗೇ ಕಳ್ಸಿ ಅಣ್ಣ” ಅಂದರು ಮೇಡಂ. ಯಾರೋ ಹಿಂದೆ ನಕ್ಕರು, ಬೇಗ ಸುಮ್ಮನಾದರು.

“ಆ ವರದಿ ಬರೆದ ರಾಯರಿಗೆ ಇಲ್ಲದ ಅನುಮಾನ ನಿಮಗ್ಯಾಕೆ?”

“ಅನುಮಾನ ಅಲ್ಲ ಅಣ್ಣ. ನೀವು ಪ್ರೀತಿಯಿಂದ ಮಾಡಿದ್ದೇ. ಆದ್ರೆ ಪ್ರೀತೀನ ನೀರು ಅಂತ ಬರೆಯೋಕಾಗಲ್ಲ.”

ಸರದಿಯ ಮನೆ ಸುಮ್ಮನಿದ್ದರೆ ಸರದಿ ಮುರಿದ ಹಾಗೆ ಅಂತ ಒಬ್ಬರು ಅಂದರು. ಹಾಗೆ ಯಾವತ್ತೂ ಆಗಿರಲಿಲ್ಲ. ಸೋಮವಾರದ ಸರದಿ ನಮ್ಮ ಮನೆಯದು, ಕಡಗ ನನ್ನ ಅತ್ತೆಯ ಕೈಯಲ್ಲಿತ್ತು. ಮೇಡಂ ಅವರ ಮುಂದೆ ಹೋಗಿ ಕೈ ಚಾಚಿದರು. “ಹಾಗಾದ್ರೆ ಸರದಿ ನನಗೆ ಕೊಡಿ ಅಮ್ಮ. ನಿಮ್ಮನೇಲೇ ಇದ್ದೀನಿ, ನಾನೂ ಆ ಮನೆಯವಳೇ ಆಯ್ತು. ಕರೆಯದೇ ಇದ್ದವಳು ನಾನಾಗ್ತೀನಿ. ಊರಿನವರು ಯಾರೂ ತಪ್ಪಲಿಲ್ಲ.”

ಅತ್ತೆ ಆ ಚಾಚಿದ ಕೈಯನ್ನು ನೋಡಿದರು. ಕೇಳಿದವರಿಗೆ ಕೊಡುವುದಿಲ್ಲ ಅನ್ನುವುದೂ ಅವರಿಗೆ ಬಾರದು. ಕಡಗ ತೆಗೆದು ಕೊಟ್ಟರು. ಮನೆಗೆ ಬಂದು ನನ್ನ ಜೊತೆ ಮಾತು ಬಿಟ್ಟರು.

ಸೋಮವಾರ ಬೆಳಿಗ್ಗೆ ನೀರಿನ ಸದ್ದಿಲ್ಲದೆ ಎದ್ದೆವು. ಅಂಗಳ ಗುಡಿಸಿದ ಮೇಲೆ ಪೊರಕೆ ಹಿಡಿದುಕೊಂಡೇ ಎಲ್ಲರೂ ಬಾಗಿಲಲ್ಲಿ ನಿಂತಿದ್ದರು, ಮುಂದಿನ ಕೆಲಸ ಏನು ಅಂತ ಮರೆತವರ ಹಾಗೆ. ಮೇಡಂ ಮೆಟ್ಟಿಲ ಕೊನೆಯಲ್ಲಿ ಕೊಡೆ ಬಿಚ್ಚಿಕೊಂಡು ಕೂತಿದ್ದರು, ಕೈಯಲ್ಲಿ ಕಡಗ. ಹೊನ್ನಿ ಪುಸ್ತಕ ಹಿಡಿದು ಪಕ್ಕದಲ್ಲಿದ್ದಳು. ಆರು ಗಂಟೆಗೆ ಸೊನ್ನೆ. ಒಂಬತ್ತಕ್ಕೆ ಸೊನ್ನೆ. ಮಧ್ಯಾಹ್ನ ಹನ್ನೆರಡಕ್ಕೆ ನಾನು ಊಟ ತೆಗೆದುಕೊಂಡು ಹೋದಾಗ ಹೊನ್ನಿ ಕೇಳುತ್ತಿದ್ದಳು.

“ಆಂಟಿ, ಒಂದ್ಸಲ ಒಂದು ಅಂತ ಬರೀಲಾ? ಬರೀ ಸೊನ್ನೆ ನೋಡೋಕೆ ಬೇಜಾರು.”

“ನನಗೂ ಬೇಜಾರೇ ಮಗಳೆ. ಆದ್ರೂ ಸೊನ್ನೇನೇ ಬರಿ. ಚೆನ್ನಾಗಿ ದುಂಡಗೆ ಬರಿ.”

ಊರವರಿಗೆ ತಡೆಯಲಾಗಲಿಲ್ಲ. ಮೊದಲು ರತ್ನಿ ಬಂದಳು, ತುಂಬಿಟ್ಟಿದ್ದ ನೀರಿನಲ್ಲಿ ಒಂದು ಕೊಡ ತಂದು ಮೇಡಮ್ಮಿನ ಪಕ್ಕದಲ್ಲಿಟ್ಟಳು. “ಹೊಳೆ ಕರೀಬೇಡಿ ಅಂದ್ರಿ, ಕೊಡ ತರಬೇಡಿ ಅನ್ಲಿಲ್ವಲ್ಲ” ಅಂದಳು. ಆಮೇಲೆ ಒಬ್ಬೊಬ್ಬರೇ ಬಂದರು. ಮೂರು ಗಂಟೆಯ ಹೊತ್ತಿಗೆ ಒಣ ದಂಡೆಯಲ್ಲಿ ಸಾಲಾಗಿ ಅರವತ್ತಕ್ಕಿಂತ ಹೆಚ್ಚು ಕೊಡ. ಮೇಡಂ ಪ್ರತಿ ಕೊಡದಿಂದಲೂ ಒಂದೊಂದು ಗುಟುಕು ಕುಡಿದರು. ನಮ್ಮ ಮನೆಯವರು ಸ್ಥಾವರದ ತಗಡಿನ ಹಾಳೆ ಹೊತ್ತು ತಂದು ನಾಲ್ಕು ಗೂಟ ನೆಟ್ಟು ಅವರಿಗೆ ನೆರಳು ಮಾಡಿದರು. ಹೊಸ ಅಂಗಿ ಹಾಕಿಕೊಂಡಿದ್ದರು. ನಾನು ನೋಡಿದ್ದನ್ನು ನೋಡಿ, “ಇನ್ಯಾವತ್ತು ಹಾಕ್ಲಿ” ಅಂದರು. ಹಾಲಪ್ಪಣ್ಣ ಬರಲಿಲ್ಲ. ಅವರ ಹೆಂಡತಿಯ ಕೈಯಲ್ಲಿ ಚಕ್ಕುಲಿ ಬಂತು.

ಎಲ್ಲ ಸೇರಿ ಎಂಟು ಸೊನ್ನೆ. ರಾತ್ರಿಯವನ್ನು ಮೇಡಂ ತಾವೇ ಬರೆದರು. ಮಂಗಳವಾರ ಬೆಳಗಿನ ಜಾವ ನಾನು ಎದ್ದಾಗ ಅವರ ಚಪ್ಪಲಿ ಬಾಗಿಲಲ್ಲೇ ಇತ್ತು. ಬರಿಗಾಲಲ್ಲಿ ಮಡುವಿಗೆ ಹೋಗಿದ್ದರು. ಊರೆಲ್ಲ ಮೆಟ್ಟಿಲ ಮೇಲೆ ಬಂದು ನಿಂತಿತು, ಸರದಿಗೆ ಹೊಸಬರು ಹೋದರೆ ಹೊಳೆ ಬರುತ್ತದೋ ಇಲ್ಲವೋ ಅಂತ. ಬಿಸಿಲು ಬೀಳುವ ಹೊತ್ತಿಗೆ ತಿರುವಿನಲ್ಲಿ ಕಾಣಿಸಿಕೊಂಡರು. ಸೀರೆ ಸ್ವಲ್ಪ ಎತ್ತಿ ಸೊಂಟಕ್ಕೆ ಸಿಕ್ಕಿಸಿದ್ದರು, ಮುಖ ಎಂದಿನ ಹಾಗೆ ಶಾಂತವಾಗಿತ್ತು, ಓಡಲಿಲ್ಲ, ತಿರುಗಿ ನೋಡಲಿಲ್ಲ. ಹಿಂದೆ ಹೊಳೆ ದಂಡೆಯಿಂದ ದಂಡೆಗೆ ತುಂಬಿ ಬರುತ್ತಿತ್ತು. ಒಂದು ದಿನ ಪೂರ್ತಿ ಮಲಗಿ ಎದ್ದದ್ದಲ್ಲವೇ. ಅಷ್ಟು ನೀರನ್ನು ನಾನು ಮದುವೆಯಾದ ಮೇಲೆ ನೋಡಿರಲಿಲ್ಲ.

ಆ ದಿನ ಊರಿನ ಯಾವ ಮನೆಯಲ್ಲೂ ಬೇಳೆ ಬೇಯಲಿಲ್ಲ.

ನಾನು ಮೊದಲು ಕುಕ್ಕರಿನ ರಬ್ಬರ್ ಹೋಗಿದೆ ಅಂದುಕೊಂಡೆ. ಎಂಟು ಕೂಗು, ಹತ್ತು ಕೂಗು. ತೆಗೆದು ನೋಡಿದರೆ ಬೇಳೆ ಹಾಕಿದ ಹಾಗೇ ಇದೆ. ಪಕ್ಕದ ಮನೆಗೆ ಹೋದೆ, ಅವಳೂ ಸೌಟು ಹಿಡಿದು ನಿಂತಿದ್ದಳು. ಬೀದಿಯಲ್ಲಿ ಒಂದೊಂದೇ ಬಾಗಿಲು ತೆರೆಯಿತು. ಎಮ್ಮೆಯ ದಿನವೂ ಇಷ್ಟು ಗಡಸು ನೀರು ಬಂದಿರಲಿಲ್ಲ. ಎಲ್ಲರ ಕಣ್ಣೂ ನಮ್ಮ ಮನೆಯ ಮುಂದಿನ ಕೋಣೆಯ ಕಡೆ ಹೋಯಿತು. ಆ ಎಂಟು ಸೊನ್ನೆಗಳನ್ನು ಅವರು ದುಂಡಗೆ ಬರೆಸಿದ್ದರು, ಬರೆದಿದ್ದರು. ಆದರೆ ಎರಡು ಮೈಲಿ ಏನನ್ನು ಹೊತ್ತುಕೊಂಡು ನಡೆದರು ಅನ್ನುವುದು ನಮ್ಮ ಪಾತ್ರೆಗಳಲ್ಲಿ ಕೂತಿತ್ತು. ನಮ್ಮ ಮನೆಯವರ ಅಂಗಿ, ಹಾಲಪ್ಪಣ್ಣನ ಎರಡನೇ ಕಲ್ಲು, ಗೋಡೆಯ ನೀಲಿ ಸಾಲು, ಎಲ್ಲವನ್ನೂ.

ಊಟಕ್ಕೆ ಬಡಿಸಿದೆ. ಬೇರೆ ಸಾರು ಮಾಡಲೇ ಎಂದು ಅತ್ತೆಯನ್ನು ಕೇಳಿದ್ದಕ್ಕೆ ಎರಡು ದಿನದ ಮೇಲೆ ನನ್ನ ಜೊತೆ ಮಾತಾಡಿದರು. “ಬೇಡ. ಇದನ್ನೇ ಹಾಕು” ಅಂದರು. ಅನ್ನಕ್ಕೆ ಕಲಸಿಕೊಂಡು ಕಟಕಟ ಅಗಿದು ತಿಂದರು, ಇನ್ನೊಂದು ಸೌಟು ಹಾಕಿಸಿಕೊಂಡರು. ಮೇಡಂ ಮೊದಲ ತುತ್ತಿಗೇ ಊಟ ನಿಲ್ಲಿಸಿದರು. ಎದ್ದುಹೋಗಿ ಗಾಜಿನ ಲೋಟ ತಂದು, ಎಲೆಯ ಪಕ್ಕದಲ್ಲೇ ಕೂತು ತೊಟ್ಟು ಬಿಡತೊಡಗಿದರು. ಹೊನ್ನಿ ಎಣಿಸಿದಳು. ಐವತ್ತಮೂರಕ್ಕೆ ನೀಲಿಯಾಯಿತು. ಮೇಡಂ ಪುಸ್ತಕ ತೆಗೆದು ‘ನಡೆದವರು: ನಫೀಸಾ’ ಎಂದು ಬರೆದರು. ‘ಕಾರಣ’ ಎಂದು ಬರೆದು ಪೆನ್ನು ಹಿಡಿದುಕೊಂಡೇ ಕೂತರು. ಕಣ್ಣು ತುಂಬಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಅತ್ತೆ ಎಂಜಲು ಕೈ ಹಾಗೇ ಇಟ್ಟುಕೊಂಡು, ಎಡಗೈಯಿಂದ ಆ ಪುಸ್ತಕ ಮುಚ್ಚಿದರು. “ಅದನ್ನ ಬರೀಬೇಡ ಬಿಡು ತಾಯಿ. ಊರು ಉಂಡಾಯ್ತು.”

ಆದರೂ ಅವರು ಬರೆದಿದ್ದರು ಅಂತ ಆಮೇಲೆ ಗೊತ್ತಾಯಿತು. ನಾಲ್ಕು ತಿಂಗಳ ಮೇಲೆ ವರದಿಯ ಒಂದು ಪ್ರತಿ ಶಾಲೆಗೆ ಬಂತು. ಎಂಟು ಸೊನ್ನೆ ಇದ್ದವು, ಕೊಕ್ಕರೆ ಇದ್ದವು, ಎಮ್ಮೆಯೂ ಇತ್ತು, ಐವತ್ತಮೂರರ ಮುಂದೆ ‘ಅಳೆದವರ ದುಃಖ’ ಅಂತ ಇತ್ತು. ಕೊನೆಗೆ: ‘ಈ ನದಿ ಕರೆದರೆ ಬರುತ್ತದೆ, ಅರ್ಧ ದಿನ ಇರುತ್ತದೆ, ಉಳಿದ ಅರ್ಧ ದಿನ ಅದಕ್ಕೆ ವಿಶ್ರಾಂತಿ ಬೇಕು. ಒಂದು ಹೊತ್ತೂ ನೀರು ತಪ್ಪಬಾರದ ಸ್ಥಾವರವನ್ನು ಇದರ ಭರವಸೆಯ ಮೇಲೆ ಕಟ್ಟಲಾಗದು.’ ಮೇಲಿನವರು ಆ ಮಾತನ್ನು ಒಪ್ಪಿದರು. ಕೆಲಸ ಮತ್ತೆ ಶುರುವಾಗಲಿಲ್ಲ. ಗೇಟಿನ ಕಾವಲು ಬರುವ ಮಾರ್ಚ್ ತಿಂಗಳವರೆಗೆ ಅಂತ ಹೇಳಿದ್ದಾರೆ. ಆಮೇಲೇನು ಅಂತ ನಮಗಿನ್ನೂ ಗೊತ್ತಿಲ್ಲ. ನಮ್ಮ ಮನೆಯವರು ಸಂಜೆ ಕ್ರೇನಿನ ಹತ್ತಿರ ಸ್ವಲ್ಪ ಹೊತ್ತು ನಿಂತು ಬರುತ್ತಾರೆ. ಹಾಗೆ ನಿಂತ ಸಂಜೆ ಅವರಿಗೆ ಇಷ್ಟವಾದ ಉಪ್ಪಿಟ್ಟು ಮಾಡುತ್ತೇನೆ.

ಗೋಡೆಯ ಸಾಲು ಬದಲಾಯಿಸಬೇಕು ಅಂದವರು ಅತ್ತೆ. ಒಂದು ತಿಂಗಳು ಊರಿನಲ್ಲಿ ಅದೇ ಜಗಳ. ಕೊನೆಗೆ ಹಾಲಪ್ಪಣ್ಣ, “ಹಳೇದು ಹೇಗೂ ಮಾಸಿತ್ತು” ಅನ್ನುತ್ತ ಸುಣ್ಣ ಕಳಿಸಿದರು. ಹೊಸ ಸಾಲು ಉದ್ದವಾದ್ದರಿಂದ ಕಿಟಕಿಯ ಕೆಳಗೆ ತಿರುಗಿಸಿ ಬರೆಯಬೇಕಾಯಿತು. ಈಗಿನ ಮಕ್ಕಳು ಅದನ್ನು ನೋಡಿ ಓದು ಕಲಿಯುತ್ತಿದ್ದಾರೆ.

ಸರದಿಯ ಪಟ್ಟಿಯಲ್ಲಿ ಈಗ ತೊಂಬತ್ತೇಳು ಮನೆ. ನಮ್ಮ ಮನೆಯದಾದ ಮೇಲೆ ನಫೀಸಾ ಮೇಡಮ್ಮಿನದು. ಹೋದ ಎರಡು ಸಲ ಅವರ ಹೆಸರಿನಲ್ಲಿ ನಾನೇ ನಡೆದೆ. ಈ ಸಲ ಕಾಗದ ಬಂದಿದೆ, ರಜೆ ಸಿಕ್ಕಿದೆ, ತಾನೇ ಬರುತ್ತೇನೆ ಅಂತ. ನಾಳೆ ಅವರ ಸರದಿ, ಇವತ್ತು ಸಂಜೆಯ ಬಸ್ಸಿಗೆ ಇಳಿಯುತ್ತಾರೆ. ಕಡಗ ಆಗಲೇ ಮುಂದಿನ ಕೋಣೆಯ ಮೊಳೆಗೆ ಬಂದಿದೆ. ಅತ್ತೆ ಹೊಸ ಚಾಪೆ ಬಿಸಿಲಿಗೆ ಹಾಕಿದ್ದಾರೆ. ಇವತ್ತಿನ ಸರದಿ ನಮ್ಮದೇ ಆಗಿತ್ತು, ಹತ್ತು ತುಂಬಿದ ಹೊನ್ನಿ ಮೊದಲ ಸಲ ಹಾಡಿಕೊಂಡು ಹೋಗಿ ಬಂದಳು, ನೀರು ಬಹಳ ಚೆನ್ನಾಗಿದೆ. ಮೇಡಂ ನಾಳೆ ಯಾವ ಮನಸ್ಸಿನಲ್ಲಿ ನಡೆಯುತ್ತಾರೋ ಗೊತ್ತಿಲ್ಲ. ಯಾವುದಕ್ಕೂ ಇರಲಿ ಅಂತ ನಾಳೆಯ ಬೇಳೆಯನ್ನು ಹೊನ್ನಿಯ ನೀರಿನಲ್ಲಿ ಈಗಲೇ ನೆನೆಹಾಕಿದ್ದೇನೆ.